ಹನುಮಂತನ ತಲೆಗೆ ಕಟ್ಟಿದ ತಪ್ಪು

ಪೀಣ್ಯದ ಹೊಲಗಳೆಲ್ಲ ಕಾರ್ಖಾನೆಗಳಾದ ಮೇಲೂ ಚಿಕ್ಕಬೈರಪ್ಪನವರ ಗರಡಿಮನೆ ಮಾತ್ರ ಇದ್ದಲ್ಲಿಯೇ ಉಳಿದಿತ್ತು. ಅದರ ಒಂದು ಮಗ್ಗುಲಿಗೆ ನಟ್ಟುಬೋಲ್ಟುಗಳನ್ನು ತಯಾರಿಸುವ ತಗಡಿನ ಷೆಡ್ಡು, ಇನ್ನೊಂದು ಮಗ್ಗುಲಿಗೆ ಆಂಜನೇಯಸ್ವಾಮಿಯ ಗುಡಿ. ನಡುವೆ ತಲೆ ತಗ್ಗಿಸಿಯೇ ಒಳಹೊಗಬೇಕಾದ, ಕಿಟಕಿಯಿಲ್ಲದ ಹೆಂಚಿನ ಮನೆ. ಒಳಗೆ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಗೊಳಿಸಿದ ಕುಸ್ತಿಯ ಕಣ. ಪಕ್ಕದ ಷೆಡ್ಡಿನ ಯಂತ್ರಗಳು ಬಡಿದಾಗಲೆಲ್ಲ ಆ ಮಣ್ಣು ಸಣ್ಣಗೆ ಅದುರುತ್ತಿತ್ತು. ಅದನ್ನು ಕಂಡು ಚಿಕ್ಕಬೈರಪ್ಪನವರು, ‘ಸ್ವಾಮಿ ಉಸಿರಾಡ್ತಾವ್ನೆ ಕಣ್ರಲಾ’ ಎಂದು ಶಿಷ್ಯರಿಗೆ ಹೇಳಿ ನಗುತ್ತಿದ್ದರು.

ಅವರು ಆ ಗರಡಿಯ ವಸ್ತಾದರು, ಎಂದರೆ ಗುರುಗಳು. ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಇಪ್ಪತ್ತೈದು ವರ್ಷ ಕುಸ್ತಿ ಆಡಿ, ಮುಂದೆ ಆಡಿಸುವವರಾದವರು. ಕುಸ್ತಿಗಿಂತಲೂ ಹೆಚ್ಚಾಗಿ ಅವರು ಹೆಸರಾದದ್ದು ಉಳುಕು ತೆಗೆಯುವುದರಲ್ಲಿ. ಜಾರಿದ ಭುಜ, ಹೊರಳಿದ ಹಿಮ್ಮಡಿ, ಊದಿದ ಮಣಿಕಟ್ಟು, ಯಾವುದೇ ಆಗಲಿ, ಅವರ ಹೆಬ್ಬೆರಳು ಸೋಕಿದರೆ ಸರಿಹೋಗುತ್ತದೆಂದು ಸುತ್ತಲ ಹಳ್ಳಿಗಳವರು ನಂಬಿದ್ದರು. ಕಾಲಕ್ರಮೇಣ ಅವರೂ ಅದನ್ನು ನಂಬಿದರು.

ಆ ಗರಡಿಯಲ್ಲಿ ಮೀರಬಾರದ ನಿಯಮವೊಂದಿತ್ತು. ಕಣಕ್ಕೆ ಇಳಿಯುವವನು ಯಾರೇ ಆಗಲಿ, ಬಲಗೈಯಿಂದ ಮಣ್ಣನ್ನು ಮುಟ್ಟಿ ತಲೆಗೊತ್ತಿಕೊಂಡು, ಗುಡಿಯ ದಿಕ್ಕಿಗೆ ಕೈಮುಗಿದೇ ಇಳಿಯಬೇಕು. ಹಾಗೆ ಮಾಡದೆ ಇಳಿದವನಿಗೆ ಸ್ವಾಮಿಯೇ ಪೆಟ್ಟು ಕೊಡುತ್ತಾನೆಂಬುದು ತಲೆತಲಾಂತರದ ನಂಬಿಕೆ.

ಶಿಷ್ಯರಲ್ಲಿ ಆಂಜಿನಪ್ಪನೆಂಬವನು ಮೊದಲಿಗ. ಪಕ್ಕದ ಷೆಡ್ಡಿನಲ್ಲಿಯೇ ಲೋಹ ಒತ್ತುವ ಪವರ್ ಪ್ರೆಸ್ ಯಂತ್ರವನ್ನು ನಡೆಸುತ್ತಿದ್ದ ಇಪ್ಪತ್ನಾಲ್ಕು ವರ್ಷದ ಹರೆಯದವನು. ಮಿತಭಾಷಿ, ದೈವಭೀರು, ಗುರುವಿನ ಮಾತಿಗೆ ಎದುರಾಡಿದವನೇ ಅಲ್ಲ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಆನೇಕಲ್ಲಿನಿಂದ ಇಬ್ಬರು ಹಿರಿಯ ಪೈಲ್ವಾನರು ಅವನ ಕುಸ್ತಿಯನ್ನು ನೋಡಲೆಂದೇ ಬಂದರು. ಅಂದು ಕಾರ್ಖಾನೆಯಲ್ಲಿ ಓವರ್‌ಟೈಮ್. ಹಿರಿಯರು ಎರಡು ಗಂಟೆ ಕಾದು, ‘ಕಾರ್ಖಾನೆ ಸಂಬಳ ರುಚಿ ಹತ್ತಿದೋರಿಗೆ ಗರಡಿ ಯಾಕಪ್ಪ’ ಎಂದು ಎದ್ದುಹೋದರು. ಅವರು ಹೋಗಿ ಸ್ವಲ್ಪ ಹೊತ್ತಿಗೆ ಆಂಜಿನಪ್ಪ ಏದುಸಿರು ಬಿಡುತ್ತ ಓಡಿಬಂದನು.

‘ಬಂದ್ಯಾ ದೊರೆ?’ ಎಂದರು ಚಿಕ್ಕಬೈರಪ್ಪನವರು. ‘ಇಳೀ ಕಣಕ್ಕೆ. ಇವತ್ತು ನಾನೇ ಜೊತೆ.’

ಉಳಿದ ಶಿಷ್ಯರು ಆ ಹೊತ್ತಿಗೆ ಗೋಡೆಯ ಕಡೆ ತಿರುಗಿ ದಂಡ ಹೊಡೆಯುತ್ತಿದ್ದರು. ಆಂಜಿನಪ್ಪನು ಬಟ್ಟೆ ಕಳಚಿ, ಬಗ್ಗಿ, ಮಣ್ಣನ್ನು ಮುಟ್ಟಿ ತಲೆಗೊತ್ತಿಕೊಂಡು, ಗುಡಿಯ ಕಡೆ ಕೈಮುಗಿದು ಇಳಿದನು. ಕಣ್ಣಾರೆ ಕಂಡವರು ವಸ್ತಾದರೊಬ್ಬರೇ. ಅವರು ಅವನನ್ನು ಕೆಳಗೆ ಹಾಕಿ, ಬಲಗಾಲನ್ನು ತಮ್ಮ ಎರಡು ತೊಡೆಗಳ ನಡುವೆ ಸಿಕ್ಕಿಸಿ ಬಿಗಿದರು. ಆಂಜಿನಪ್ಪನು ಸೋತೆನೆಂಬುದಕ್ಕೆ ಗುರುತಾಗಿ ಎರಡು ಸಲ ನೆಲ ತಟ್ಟಿದನು. ಅಲ್ಲಿಗೆ ಬಿಡುವುದು ಧರ್ಮ. ಅವರು ಬಿಡದೆ, ಹಲ್ಲು ಕಚ್ಚಿ, ಇನ್ನೊಂದು ಸುತ್ತು ತಿರುಚಿದರು. ಮಂಡಿಯಲ್ಲಿ ಹಸಿಯ ಕಡ್ಡಿ ಮುರಿದಂತೆ ಸದ್ದಾಯಿತು.

ಎಲ್ಲರೂ ತಿರುಗಿದರು. ಅವರಲ್ಲಿ ಸೊಣ್ಣಪ್ಪನೆಂಬ ಶಿಷ್ಯನು ಓಡಿಬಂದು, ‘ಏನಾಯ್ತು ವಸ್ತಾದ್ರೆ?’ ಎಂದು ಕೇಳಿದನು.

ಚಿಕ್ಕಬೈರಪ್ಪನವರು ಆಂಜಿನಪ್ಪನ ಮುಖ ನೋಡಲಿಲ್ಲ. ‘ಮಣ್ಣಿಗ್ ಕೈ ಮುಗೀದೆ ಇಳಿದ. ಸ್ವಾಮಿ ಸುಮ್ಕೆ ಬಿಡ್ತಾನಾ?’ ಎಂದರು.

ನೆಲದಲ್ಲಿ ಬಿದ್ದಿದ್ದ ಆಂಜಿನಪ್ಪನು ನೋವಿನ ನಡುವೆಯೂ ನೆನಪಿಸಿಕೊಳ್ಳಲು ಹೆಣಗಿದನು. ದಿನವೂ ಮಾಡುವ ಕೆಲಸವನ್ನು ಇಂದು ಮಾಡಿದೆನೇ ಎಂದು ಯಾರು ತಾನೇ ಖಚಿತವಾಗಿ ಹೇಳಬಲ್ಲರು? ‘ಮುಟ್ಟಿದ್ನೇನೋ... ಇಲ್ವೇನೋ... ಓಡ್ಕಂಡ್ ಬಂದೆ’ ಎಂದನು. ಮರುಗಳಿಗೆ, ‘ತಪ್ಪಾಯ್ತು ಸ್ವಾಮೀ’ ಎಂದು ಗುಡಿಯ ಕಡೆ ಕೈಮುಗಿದನು.

ತನ್ನ ಕೋಪವನ್ನು ದೈವದ ಕೋಪವೆಂದು ಸಾರಿದವನಿಗೆ ಆ ದೈವದ ಮುಂದೆ ನಿಲ್ಲುವ ನೆಲೆಯೇ ಇರುವುದಿಲ್ಲ. ಚಿಕ್ಕಬೈರಪ್ಪನವರು ಅದನ್ನು ಅಂದೇ ಅರಿತರು. ಆದರೆ ಅರಿತಷ್ಟೇ ಬೇಗ ಬಾಯಿ ತೆರೆಯಲಾರದೆ ಹೋದರು.

ಕಾರ್ಖಾನೆಯ ವ್ಯಾನಿನಲ್ಲಿ ಆಂಜಿನಪ್ಪನನ್ನು ಪಟ್ಟಣದ ಆಸ್ಪತ್ರೆಗೆ ಒಯ್ದರು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿ, ಒಂದೂವರೆ ತಿಂಗಳು ತೆಗೆಯಕೂಡದೆಂದರು. ಅವನು ಊರುಗೋಲಿನಲ್ಲಿ ದಿನವೂ ಬಂದು ಗರಡಿಯ ಹೊಸ್ತಿಲಲ್ಲಿ ಕುಳಿತು ಉಳಿದವರ ಕುಸ್ತಿ ನೋಡುತ್ತಿದ್ದನು. ಆ ಬಿಳಿಯ ಕಾಲು ಕಣ್ಣೆದುರಿಗೆ ಚಾಚಿಕೊಂಡಿರುವುದನ್ನು ವಸ್ತಾದರು ಹನ್ನೆರಡು ದಿನ ಸಹಿಸಿದರು. ಬೇಗ ಗುಣಪಡಿಸಿಬಿಟ್ಟರೆ ತಪ್ಪು ತಾನಾಗಿಯೇ ಅಳಿಯುತ್ತದೆಂಬ ಭ್ರಮೆ ಅವರನ್ನು ಹಿಡಿಯಿತು.

‘ಸುಣ್ಣದೊಳಗೆ ಹೂತಿಟ್ರೆ ನರ ಸತ್ತೋಯ್ತದೆ ಕಣ್ಲಾ. ಪೈಲ್ವಾನನ ಕಾಲು ಇದು, ಗೋಡೆಯಲ್ಲ’ ಎಂದು ಹೇಳಿ, ಕುಡುಗೋಲಿನಿಂದ ಪ್ಲಾಸ್ಟರನ್ನು ಸೀಳಿದರು.

‘ಡಾಕ್ಟ್ರು ಬೈದ್ರೆ?’

‘ಡಾಕ್ಟ್ರು ಎಷ್ಟ್ ಕುಸ್ತಿ ಗೆದ್ದವ್ನೆ?’

ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟರು, ಎಣ್ಣೆ ತಿಕ್ಕಿದರು, ನೀರು ತುಂಬಿದ ಮಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಬಳಿಕ ಗೋಡೆ ಹಿಡಿಸಿ, ಬಾವು ಇಳಿಯಲೆಂದು ಬಸ್ಕಿ ಹೊಡೆಸಿದರು: ಮೊದಲ ದಿನ ಹತ್ತು, ವಾರದಲ್ಲಿ ನೂರು. ಪ್ರತಿ ಬಸ್ಕಿಗೂ ಆಂಜಿನಪ್ಪನು ತುಟಿಯೊಳಗೇ ಸ್ವಾಮಿಯ ಹೆಸರು ಹೇಳುತ್ತಿದ್ದನು. ನೋವು ತನಗೆ ವಿಧಿಸಿದ ದಂಡವೆಂದು ತಿಳಿದಿದ್ದನು.

ಆ ಮಂಡಿ ಮತ್ತೆಂದಿಗೂ ಅರ್ಧಕ್ಕಿಂತ ಹೆಚ್ಚಾಗಿ ಬಗ್ಗಲಿಲ್ಲ. ಕುಸ್ತಿಯ ಮಾತೇ ಇಲ್ಲವಾಯಿತು. ಪ್ರೆಸ್ಸಿನ ಪೆಡಲನ್ನು ತುಳಿಯಲಾರದೆ ಅವನು ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋದನು. ಮದುವೆಯಾಯಿತು, ಚಪ್ಪರದಲ್ಲಿ ನೆಲದ ಪಂಕ್ತಿಗೆ ಕೂರಲಾರದೆ ಮದುಮಗನು ನಿಂತೇ ಉಂಡನು. ಹೆಂಡತಿ ಮುನಿಯಕ್ಕ ಮನೆಯಲ್ಲಿ ಅವನಿಗೊಂದು ಎತ್ತರದ ಮಣೆ ಮಾಡಿಸಿದಳು. ಮತ್ತು ಪ್ರತಿ ಶನಿವಾರ ಅವನು ಆಂಜನೇಯನ ಗುಡಿಗೆ ಹನ್ನೊಂದು ಪ್ರದಕ್ಷಿಣೆ ಹಾಕಿದನು. ಬಲಗಾಲನ್ನು ಹೊರಕ್ಕೆ ಬೀಸಿ, ಎಡಗಾಲ ಮೇಲೆ ಭಾರವಿಟ್ಟು, ಪ್ರತಿ ಸುತ್ತಿಗೂ ಒಮ್ಮೆ ನಿಂತು ಕ್ಷಮೆ ಬೇಡಿ ಮುಂದೆ ಹೋಗುವನು. ವಸ್ತಾದರು ಗರಡಿಯ ಬಾಗಿಲಲ್ಲಿ ನಿಂತು ಆ ಹನ್ನೊಂದನ್ನೂ ಎಣಿಸುವರು. ಅಂದು ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವರ ಹೆಂಡತಿ ಭದ್ರಮ್ಮ ಒಮ್ಮೆ ಕೇಳಿದಳು: ‘ಶನಿವಾರ ಶನಿವಾರ ಉಣ್ಣಾಕಿಲ್ವಲ್ಲ, ಏನಾರ ವ್ರತ ಇಡಿದಿದ್ದೀರಾ?’

‘ಊಂ’ ಎಂದರು ಅವರು. ಅದು ಎರಡನೆಯ ಸುಳ್ಳು.

ಹೇಳಿಬಿಡಬೇಕೆಂದು ಗುಡಿಯ ಕಟ್ಟೆಯವರೆಗೆ ಹೋದ ದಿನಗಳುಂಟು. ಹೋದಾಗಲೆಲ್ಲ ಆಂಜಿನಪ್ಪನು, ಬಗ್ಗಲಾರದ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟದಿಂದ ಬಾಗಿ, ಅವರ ಪಾದ ಮುಟ್ಟುವನು. ಆ ಬೆನ್ನನ್ನು ಕಂಡ ಮೇಲೆ ಅವರು, ‘ಚೆಂದಾಗಿದ್ದೀಯಾ?’ ಎಂದಷ್ಟೇ ಕೇಳಿ ಮರಳುವರು.

ಹೀಗೆ ಎಂಟು ವರ್ಷಗಳು ಕಳೆದವು. ಎಂಬತ್ತಾರರಲ್ಲಿ ಚಿಕ್ಕಬೈರಪ್ಪನವರ ಮಂಡಿಗಳೂ ಊದಿಕೊಂಡವು. ತಾವೇ ಎಣ್ಣೆ ತಿಕ್ಕಿ ನೋಡಿದರು, ಕಾವು ಕೊಟ್ಟು ನೋಡಿದರು; ತಮ್ಮ ಹೆಬ್ಬೆರಳು ತಮಗೇ ಒದಗಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋಗಲೊಪ್ಪಿದಾಗ, ಜೊತೆಗೆ ಹೋಗಲು ರಜೆ ಹಾಕಿ ಬಂದವನು ಆಂಜಿನಪ್ಪನೇ. ಕುಂಟುವವರಿಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಬಸ್ಸು ಹತ್ತುವುದನ್ನು ಕಂಡು ಸೊಣ್ಣಪ್ಪನು, ‘ಏನ್ ಮಚ್ಚಾ, ಯಾರು ಯಾರ್ನ ತೋರ್ಸಾಕ್ ಹೋಯ್ತಾ ಇರೋದು?’ ಎಂದು ನಕ್ಕನು.

ವೈದ್ಯರು ಹಿರಿಯರ ಮಂಡಿಗಳನ್ನು ಪರೀಕ್ಷಿಸಿ, ‘ಯಜಮಾನ್ರೇ, ಇದು ವಯಸ್ಸಿನ ಸವೆತ. ಮಾತ್ರೆ ಕೊಡ್ತೀನಿ, ಜಾಸ್ತಿ ಹೊತ್ತು ನಿಲ್ಬೇಡಿ’ ಎಂದರು. ಬಳಿಕ ಅವರ ದೃಷ್ಟಿ ಆಂಜಿನಪ್ಪನ ಕಾಲಿನ ಮೇಲೆ ಬಿತ್ತು. ‘ನಿಮ್ದೇನ್ರೀ ಕಥೆ? ಬನ್ನಿ, ಮಲಗಿ.’

‘ನಂದೇನಿಲ್ಲ ಸಾರ್. ಹಳೇದು, ಕುಸ್ತೀಲಿ ಆಗಿದ್ದು.’

ವೈದ್ಯರು ಮಂಡಿಯನ್ನು ಹಿಡಿದು ಅತ್ತಿತ್ತ ಅಲುಗಿಸಿದರು. ‘ಲಿಗಮೆಂಟ್ ಹರಿದಿದೆಯಲ್ರೀ. ಆವಾಗ ಪ್ಲಾಸ್ಟರ್ ಹಾಕ್ಲಿಲ್ವಾ?’

‘ಹಾಕಿದ್ರು ಸಾರ್. ಹನ್ನೆರಡ್ ದಿನಕ್ಕೆ ತೆಗೆದ್ಬಿಟ್ಟೆ.’

‘ತೆಗೆದು?’

‘ಬಸ್ಕಿ ಹೊಡೆದೆ.’

‘ಬಸ್ಕಿ! ಹರಿದ ಮಂಡಿಗೆ ಬಸ್ಕಿ! ಪೂರ್ತಿ ಅಲ್ದಿದ್ರೂ ಓಡಾಡೋಷ್ಟು ಸರಿಹೋಗ್ತಿತ್ತು ಕಣ್ರೀ. ಯಾವ ಪುಣ್ಯಾತ್ಮ ಹೇಳಿದ್ದು ನಿಮಗೆ?’

ಆಂಜಿನಪ್ಪನು ವಸ್ತಾದರ ಕಡೆ ತಿರುಗಿಯೂ ನೋಡಲಿಲ್ಲ. ‘ಯಾರೂ ಹೇಳ್ಲಿಲ್ಲ ಸಾರ್. ನನ್ ಬುದ್ಧೀನೇ ಅಂಗೆ’ ಎಂದನು.

ಆಸ್ಪತ್ರೆಯ ಹೊರಗೆ ಬಸ್ಸು ನಿಲ್ಲುವ ಮರದ ಕೆಳಗೆ ಇಬ್ಬರೂ ನಿಂತರು. ಶಿಷ್ಯನು ತಮ್ಮನ್ನು ಕಾಯಲು ಸುಳ್ಳಾಡಿದನು. ತಾವು ತಮ್ಮನ್ನೇ ಕಾಯಲು ಸುಳ್ಳಾಡಿದ್ದರು. ಇನ್ನು ತಡೆಯುವುದು ವಸ್ತಾದರಿಂದ ಆಗಲಿಲ್ಲ.

‘ಆಂಜಿನಪ್ಪ, ಅವತ್ತು ನೀನು ಮಣ್ಣು ಮುಟ್ಟಿದ್ದೆ ಕಣಪ್ಪ.’

‘ಯಾವತ್ತು?’

‘ಅವತ್ತೇ. ಬಲಗೈಯಾಗೆ ಮುಟ್ಟಿ ತಲೆಗ್ ಇಕ್ಕಂಡೆ. ಗುಡಿ ಕಡೀಕ್ ಕೈ ಮುಗಿದೆ. ನಾನು ನೋಡ್ದೆ. ನೀನು ಎರಡ್ ಸಲ ನೆಲ ತಟ್ಟಿದ್ದೂ ಗೊತ್ತಾಯ್ತು. ಆನೇಕಲ್ಲೋರ ಮುಂದೆ ಮರ್ಯಾದೆ ಹೋಯ್ತು ಅಂತ ಸಿಟ್ಟಿತ್ತು, ತಿರುಚ್ಬಿಟ್ಟೆ. ಎಲ್ಲಾರೂ ನನ್ ಮಕ ನೋಡಿದ್ರು. ಬಾಯಿಗ್ ಬಂದಿದ್ದು ಅಂದ್ಬಿಟ್ಟೆ.’

ಆಂಜಿನಪ್ಪನು ರಸ್ತೆಯ ಕಡೆ ಮುಖ ಮಾಡಿಯೇ ಮಾತಾಡಿದನು. ದನಿ ಏರಿರಲಿಲ್ಲ.

‘ಪಟ್ಟು ಜೋರಾಗಿತ್ತು ಅಂತ ನಂಗೂ ಗೊತ್ತು ವಸ್ತಾದ್ರೆ. ಗುರು ಕೈಯಾಗೆ ಕಾಲು ಹೋಯ್ತು, ಹೋಗ್ಲಿ ಅಂದ್ಕೊಂಡಿದ್ದೆ. ಪ್ಲಾಸ್ಟರ್ ತೆಗೆದ್ರಿ, ಒಳ್ಳೇದಕ್ಕೇ ತೆಗೆದ್ರಿ. ಅದ್ರ ಮಧ್ಯಕ್ಕೆ ಸ್ವಾಮೀನ ಯಾಕೆ ಎಳಕೊಂಡ್ ಬಂದ್ರಿ?’

‘ತಪ್ಪಾಯ್ತು ಕಣಪ್ಪ.’

‘ಹೋದೊರ್ಷ ಮಗೂಗೆ ಜ್ವರ ಬಂದು ಮೂರು ದಿನ ಕಣ್ಣೇ ಬಿಡ್ಲಿಲ್ಲ. ಮುನಿಯಕ್ಕ ಡಾಕ್ಟ್ರ ತಾವ ಓಡಿದ್ಲು. ನಾನು ಗುಡೀಲಿ ಕೂತಿದ್ದೆ, ಇನ್ನೂ ನನ್ ಮೇಲಿನ ಸಿಟ್ಟು ಓಗಿಲ್ಲ, ಮಗು ಮೇಲೆ ತೀರಿಸ್ಕೊಳ್ತಾವ್ನೆ ಅಂತ. ಮಗು ಉಳೀತು. ನಾನು ಮಾತ್ರ ಅವತ್ತಿಂದ ದೇವ್ರಿಗೆ ಹೆದರ್ಕೊಂಡೇ ಬದುಕ್ತಾ ಇದೀನಿ. ಮೊದ್ಲು ಅಂಗಿರ್ಲಿಲ್ಲ ನಾನು. ಮೊದ್ಲು ಸ್ವಾಮಿ ಅಂದ್ರೆ ನಂಗೆ ಖುಷಿ.’

ಚಿಕ್ಕಬೈರಪ್ಪನವರು ಅವನ ಕಾಲು ಮುಟ್ಟಲೆಂದು ಬಗ್ಗಹೋದರು. ಊದಿದ ಮಂಡಿಗಳು ಅರ್ಧದಲ್ಲಿಯೇ ತಡೆದವು. ಆಂಜಿನಪ್ಪನು ತಟ್ಟನೆ ಅವರ ಭುಜ ಹಿಡಿದು ನಿಲ್ಲಿಸಿದನು. ‘ಬ್ಯಾಡಿ. ಇನ್ನೊಂದ್ ಪಾಪ ನನ್ ಮೇಲೆ ಹಾಕ್ಬ್ಯಾಡಿ’ ಎಂದನು.

ಬಸ್ಸು ಬಂದಿತು. ಅವನು ಅವರ ಕಂಕುಳಿಗೆ ಕೈಯಿಟ್ಟು, ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಡಿಸಿ, ಒಳಗೆ ಸೀಟು ಬಿಡಿಸಿ ಕೂರಿಸಿದನು. ಮಾತ್ರೆಯ ಪೊಟ್ಟಣವನ್ನು ಅವರ ಕೈಗಿಟ್ಟು, ‘ಊಟ ಆದ್ಮೇಲೆ ತಗೊಳ್ಳಿ. ನಾನು ಇನ್ನೊಂದ್ ಬಸ್ಸಲ್ಲಿ ಬತ್ತೀನಿ’ ಎಂದು ಇಳಿದುಬಿಟ್ಟನು.

ಚಿಕ್ಕಬೈರಪ್ಪನವರು ಪೀಣ್ಯದಲ್ಲಿ ಇಳಿದು, ನಿಲ್ಲಬಾರದೆಂದು ವೈದ್ಯರು ಹೇಳಿದ್ದ ಕಾಲುಗಳ ಮೇಲೆಯೇ ನಿಂತು ಕಾದರು. ಮುಂದಿನ ಬಸ್ಸಿನಲ್ಲಿ ಅವನು ಬರಲಿಲ್ಲ. ಅದರ ನಂತರದ ಬಸ್ಸಿನಲ್ಲಿ ಬಂದನು. ಹಿಂಬಾಗಿಲಿನಿಂದ ಇಳಿದವನು ಅವರನ್ನು ಕಂಡನು, ಒಂದು ಗಳಿಗೆ ನಿಂತನು. ಬಳಿಕ ಗುಡಿಯ ಮುಂದಿನ ಹತ್ತಿರದ ದಾರಿಯನ್ನು ಬಿಟ್ಟು, ಕಾರ್ಖಾನೆಗಳ ಗೋಡೆಗುಂಟ ಸುತ್ತಿಹೋಗುವ ದಾರಿಯನ್ನು ಹಿಡಿದನು. ಕುಂಟುವವನಿಗೆ ಅದು ಅರ್ಧ ಗಂಟೆಯ ನಡಿಗೆ. ಕೂಗಿದರೆ ಕೇಳಿಸುವಷ್ಟು ಸಮೀಪದಲ್ಲಿದ್ದನು. ಚಿಕ್ಕಬೈರಪ್ಪನವರು ಕೂಗಲಿಲ್ಲ.