ದುರ್ಬೀನು ಒರೆಸಿದ ಭಾನುವಾರ

ದುರ್ಬೀನಿನೊಳಗೆ ಬನಿಯನ್ ತೊಟ್ಟ ಗಂಡಸೊಬ್ಬ ತನ್ನ ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ನಾನು ನೋಡಬೇಕಿದ್ದದ್ದು ಕೆರೆಯೊಳಗಿನ ಒಣಮರದ ಮೇಲೆ ಕುಳಿತಿದ್ದ, ಮೀನು ಬೇಟೆಯಾಡುವ ಡೇಗೆಯನ್ನು. ಪಕ್ಷಿವೀಕ್ಷಣೆಯ ಗುಂಪಿನೊಂದಿಗೆ, ಭಾನುವಾರದ ನಿದ್ದೆ ಕೆಡಿಸಿಕೊಂಡು ದಿಲ್‌ಸುಖ್‌ನಗರದಿಂದ ಊರಿನ ಇನ್ನೊಂದು ತುದಿಯ ಪಟಾನ್‌ಚೆರು ಕಡೆಯ ಕೆರೆಗೆ ಬಂದದ್ದೇ ಅದಕ್ಕಾಗಿ.

ತಪ್ಪು ನನ್ನದೇ. ಅಷ್ಟು ಜನ ಕಣ್ಣಿಟ್ಟ ಗಾಜಿನಿಂದ ಕಣ್ಣುಬೇನೆ ಅಂಟಿದರೆ ಎಂದು ಹೆದರಿ, ಸರದಿ ಬಂದಾಗ ಅದನ್ನು ಕರವಸ್ತ್ರದಿಂದ ತಿಕ್ಕಿ ಒರೆಸಿದ್ದೆ. ಗೈಡ್ ಕಷ್ಟಪಟ್ಟು ಹಕ್ಕಿಯತ್ತ ಹೊಂದಿಸಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ದುರ್ಬೀನು ಅಷ್ಟಕ್ಕೇ ಆಚೆ ದಡದ ಮನೆಗಳತ್ತ ಹೊರಳಿಬಿಟ್ಟಿತ್ತು.

ಕಂಡಿತೇ ಎಂದು ಗೈಡ್ ಕೇಳಿದ. ಹಿಂದೆ ಉದ್ದ ಸಾಲು. ನಾಚಿಕೆಯಾಗಿ, "ಬಹುತ್ ಅಚ್ಛಾ" ಎಂದು ಸರಿದುಕೊಂಡೆ. ನಂತರದ ಸರದಿ ಹೆಂಡತಿಯದು.

"ಅಯ್ಯ, ಏನ್ರೀ ಇದು! ಯಾರೋ ಹಲ್ಲು ತಿಕ್ಕಾಕತ್ತಾರ!" ಎಂದು ಕೆರೆಗೆಲ್ಲ ಕೇಳುವಂತೆ ಕೂಗಿದಳು. ಆ ಕೂಗಿಗೆ ಡೇಗೆ ಹಾರಿಹೋಯಿತು. ಇಡೀ ಸಾಲು ದುರುಗುಟ್ಟಿ ನೋಡಿದ್ದು ಮಾತ್ರ ನನ್ನನ್ನು.

ಈಗ ಮನೆಯಿಂದ ಹೊರಟಾಗಲೆಲ್ಲ, ಗ್ಯಾಸ್ ಬಂದ್ ಮಾಡಿದ್ದೇನೆ ಎಂದರೆ ಅವಳು ನಂಬುವುದಿಲ್ಲ. "ಖರೇನ ನೋಡೀರೋ, ಬಹುತ್ ಅಚ್ಛಾ ಅಂತ ಬಂದೀರೋ?" ಎನ್ನುತ್ತಾಳೆ. ನನಗೂ ಅನುಮಾನ ಹುಟ್ಟುತ್ತದೆ. ಮತ್ತೆ ಮೆಟ್ಟಿಲು ಹತ್ತುತ್ತೇನೆ.