ಎತ್ತರದ ಸೈಕಲ್ಲಿನ ಮಚ್ಚೆ ಸಾಹೇಬರು

ವಾಡಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನ ಮುಂದೆ ಹಮಾಲರೊಬ್ಬರು ನಮ್ಮ ಸೈಕಲ್ಲಿಗೆ ಗೋಣಿತಟ್ಟು ಸುತ್ತಲು ಕುಳಿತಿದ್ದರು. ಮೊದಲು ಸೀಟಿನ ಧೂಳನ್ನು ಒದ್ದೆ ಅರಿವೆಯಿಂದ ಒರೆಸಿದರು. ಹಳೆಯ ತೊಗಲಿನ ವಾಸನೆ ಒಮ್ಮೆಲೇ ಎದ್ದು ಬಂತು. ಬೆವರು, ಎಣ್ಣೆ, ಬಿಸಿಲು ಕುಡಿದ ತೊಗಲು... ನಾನು ಸೆರಗು ಬಾಯಿಗೆ ಹಿಡಿದು ಆಚೆ ತಿರುಗಿದೆ. ಮಳಖೇಡದ ನಮ್ಮ ತವರುಮನೆಯ ಕಟ್ಟೆ, ಅದಕ್ಕೆ ಆನಿಸಿ ನಿಲ್ಲಿಸಿದ ಇದೇ ಸೈಕಲ್ಲು, ಪಕ್ಕದಲ್ಲಿ ಹಣೆ ಒರೆಸಿಕೊಳ್ಳುತ್ತ ನಿಂತ ಅವರು, ಎಲ್ಲ ಕಣ್ಣ ಮುಂದೆ ಬಂತು.

ಊರವರು ಅವರನ್ನು ಮಚ್ಚೆ ಸಾಹೇಬರು ಎನ್ನುತ್ತಿದ್ದರು. ಹಳ್ಳಿಹಳ್ಳಿ ತಿರುಗಿ, ಜನರ ಮೈಮೇಲೆ ಬಿಳಿಚಿದ ಮಚ್ಚೆ ಇದೆಯೇ ಎಂದು ನೋಡಿ, ಕುಷ್ಠರೋಗಕ್ಕೆ ಗುಳಿಗೆ ಕೊಡುವುದು ಅವರ ಸರಕಾರಿ ನೌಕರಿ. ಆಳು ಗಿಡ್ಡ. ಸೈಕಲ್ಲು ಮಾತ್ರ ಆಳೆತ್ತರದ್ದು. ವಾಡಿಯಲ್ಲಿದ್ದ ಭಾರಿ ಎತ್ತರದ ರೈಲ್ವೆ ಗಾರ್ಡೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದಂತೆ. ಅದರ ಮೇಲೆ ಕುಳಿತರೆ ಅವರ ಕಾಲ್ಬೆರಳ ತುದಿಯಷ್ಟೇ ಪೆಡಲಿಗೆ ಮುಟ್ಟುತ್ತಿತ್ತು. ಏರಲು ಒಂದು ಕಲ್ಲು ಬೇಕು, ಇಳಿಯಲು ಒಂದು ಕಟ್ಟೆ ಬೇಕು. ಅವರು ಬಂದರೆಂದರೆ ಓಣಿಯ ಹೆಂಗಸರು ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದರು. ಆದರೆ ತಮ್ಮ ಮನೆಯೊಳಗೆ ಅವರು ಕಾಲಿಡುವುದು ಯಾರಿಗೂ ಬೇಕಿರಲಿಲ್ಲ. ಅವರು ಹೊಕ್ಕ ಮನೆಯ ಹೆಣ್ಣಿಗೆ ವರ ಸಿಗುತ್ತಿರಲಿಲ್ಲ.

ನನಗೆ ಆಗ ಹತ್ತೊಂಬತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಎಡಗೈ ಹಂಚಿಗೆ ತಾಗಿ ಚರ್ಮ ಸುಟ್ಟಿತು. ಸುಟ್ಟ ವಾಸನೆ ಬಂದ ಮೇಲೆ ಅವ್ವ ಕೂಗಿದಳು. ನನಗೆ ಗೊತ್ತೇ ಆಗಿರಲಿಲ್ಲ. ಮೊಳಕೈ ಕೆಳಗೆ ಒಂದು ರೂಪಾಯಿಯಗಲ ಬಿಳಿಚಿದ ಜಾಗ, ಅಲ್ಲಿ ಸ್ಪರ್ಶವೇ ಇರಲಿಲ್ಲ. ಅಪ್ಪ ಯಾರಿಗೂ ಹೇಳದೆ ಸೇಡಂನ ಸರಕಾರಿ ದವಾಖಾನೆಗೆ ಹೋಗಿ ಬಂದ. ಅವ್ವ ಎರಡು ದಿನ ಉಣ್ಣಲಿಲ್ಲ. ಆಗಲೇ ನನಗೆ ಸೇಡಂನಿಂದ ಒಂದು ಸಂಬಂಧ ಬಂದಿತ್ತು.

ಅದರ ಮುಂದಿನ ವಾರ ಮಚ್ಚೆ ಸಾಹೇಬರು ನಮ್ಮ ಓಣಿಗೆ ಬಂದರು. ನಮ್ಮ ಮನೆಯ ಕಟ್ಟೆಗೆ ಕಾಲು ಕೊಟ್ಟು, ತೂರಾಡಿ ಇಳಿದು, ಇಡೀ ಓಣಿಗೆ ಕೇಳುವಂತೆ ಹೇಳಿದರು.

"ಏ ಗೌಡ್ರ, ನಿಮ್ಮ ಕಟ್ಟಿ ಒಂದೇ ನನ್ನ ಸೈಕಲ್ಲಿಗಿ ಸರಿ ಅದ ನೋಡ್ರಿ. ಒಂದು ತಂಬಿಗಿ ನೀರು ಕೊಡ್ರಿ."

ನೀರು ತಂದವಳು ನಾನು. ತಂಬಿಗೆ ಇಸಿದುಕೊಳ್ಳುತ್ತ ಅವರು ಒಂದು ಪುಡಿಕೆಯನ್ನು ನನ್ನ ಅಂಗೈಯಲ್ಲಿಟ್ಟರು. ಕೆಂಪು ಗುಳಿಗೆ ತಿಂಗಳಿಗೊಮ್ಮೆ ಅವರ ಕಣ್ಣೆದುರೇ ನುಂಗಬೇಕು, ಬಿಳಿಯವು ದಿನಕ್ಕೊಂದು. ಮೆಲ್ಲಗೆ ಅಂದರು, "ಉಚ್ಚಿ ಕೆಂಪಗ ಹೋಗ್ತದ, ಅಂಜಬ್ಯಾಡವ್ವ. ಆರು ತಿಂಗಳು. ಒಂದು ತಿಂಗಳೂ ತಪ್ಪಿಸಬ್ಯಾಡ."

ಆರು ತಿಂಗಳೂ ಅವರು ತಪ್ಪಲಿಲ್ಲ. ಕಾಗಿಣಾ ಹೊಳೆ ತುಂಬಿ ಹರಿದ ತಿಂಗಳಲ್ಲೂ ಮೊಣಕಾಲತನಕ ಕೆಸರು ಮಾಡಿಕೊಂಡು ಬಂದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕಣ್ಣು ಮುಚ್ಚುತ್ತಿದ್ದೆ, ಅವರು ಪೆನ್ನಿನ ತುದಿಯಿಂದ ಮಚ್ಚೆಯನ್ನು ಮುಟ್ಟಿ, ಎಲ್ಲಿ ಎಂದು ಕೇಳುತ್ತಿದ್ದರು. ಐದನೆಯ ತಿಂಗಳು ನಾನು "ಇಲ್ಲಿ" ಎಂದು ಬೆರಳಿಟ್ಟು ತೋರಿಸಿದೆ. ಸರಿಯಾಗಿತ್ತು. ಅವರು ಪೆನ್ನು ಜೇಬಿಗಿಟ್ಟುಕೊಂಡರು.

ಆ ನಡುವೆ ಒಂದು ದಿನ ಶಾಲೆಯ ಬಯಲಲ್ಲಿ ಅವರನ್ನು ಕಂಡೆ. ಕಟ್ಟೆಯಿಲ್ಲ, ಕಲ್ಲಿಲ್ಲ. ಓಡುತ್ತಿದ್ದ ಸೈಕಲ್ಲಿನಿಂದ ಕಾಲು ಬೀಸಿ ಹಗುರಾಗಿ ನೆಲಕ್ಕೆ ಇಳಿದರು. ನಾನು ನಿಂತೇಬಿಟ್ಟೆ. ಕೊನೆಯ ಪುಡಿಕೆ ಕೊಡಲು ಬಂದಾಗ ಕೇಳಿದೆ, "ನಿಮಗ ಇಳೀಲಿಕ್ಕ ಬರ್ತದಲ್ರಿ?"

ಅವರು ಅತ್ತಿತ್ತ ನೋಡಿದರು. "ಬರ್ತದವ್ವ. ಆದ್ರ ಮನಿ ಮುಂದ ಇಳೀಲಿಕ್ಕ ಏನಾರ ಒಂದು ನೆಪ ಬೇಕಲ್ಲ." ಆಮೇಲೆ ಅಂದರು, "ರೋಗ ಹೋಗ್ಯದ. ಯಾರಿಗೂ ಅಂಟಂಗಿಲ್ಲ. ಹೇಳೋದು ಬಿಡೋದು ನಿನಗ ಬಿಟ್ಟಿದ್ದು."

ನಾನು ಹೇಳಲಿಲ್ಲ. ಮದುವೆಯಾಗಿ ಸೇಡಂಗೆ ಬಂದೆ. ನಾಲ್ಕು ತಿಂಗಳಾಗಿರಬೇಕು, ಅತ್ತೆಯ ಜೊತೆ ಬಜಾರದಲ್ಲಿ ಬಳೆ ನೋಡುತ್ತಿದ್ದೆ. ಎದುರಿಗೆ ಆ ಸೈಕಲ್ಲು ಬಂತು. ಅವರಿಗೆ ನನ್ನ ಗುರುತು ಸಿಕ್ಕಿತು, ಮುಖ ಅರಳಿತು. ಅಂಗಡಿಯ ಕಟ್ಟೆಗೆ ಕಾಲು ಚಾಚಿದರು.

"ಯಾರವ್ವ ಅವ್ರು? ನಿನ್ನೇ ನೋಡ್ಲಿಕತ್ತಾರ," ಎಂದರು ಅತ್ತೆ.

"ಗೊತ್ತಿಲ್ರಿ," ಅಂದೆ.

ಅವರಿಗೆ ಕೇಳಿಸಿತು. ಚಾಚಿದ ಕಾಲನ್ನು ಮೇಲೆ ತೆಗೆದುಕೊಂಡು, ಅಂಗಡಿಯವನಿಗೆ ಏನೋ ವೇಳೆ ಕೇಳಿದಂತೆ ಮಾಡಿ, ಪೆಡಲ್ ತುಳಿದು ಹೋದರು. ಅವರ ಮನೆಯೂ ಸೇಡಂನಲ್ಲೇ ಇತ್ತು. ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಒಂದೇ ಊರಲ್ಲಿದ್ದೆವು. ನಾನು ಬರುವುದು ಕಂಡರೆ ಅವರು ಪಕ್ಕದ ಓಣಿಗೆ ತಿರುಗುತ್ತಿದ್ದರು. ಸಿಟ್ಟಿನಿಂದಲ್ಲ, ಅದು ನನಗೆ ಗೊತ್ತಿತ್ತು. ಅದಕ್ಕೇ ಹೆಚ್ಚು ಸಂಕಟವಾಗುತ್ತಿತ್ತು.

ಅವರು ತೀರಿಕೊಂಡ ಸುದ್ದಿ ಹಾಲಿನವಳಿಂದ ತಿಳಿಯಿತು. ಕೆಲವು ತಿಂಗಳ ಮೇಲೆ ಅವರ ಮನೆಯ ಮುಂದೆ ಸೈಕಲ್ಲನ್ನು ಮಾರಾಟಕ್ಕೆ ನಿಲ್ಲಿಸಿದ್ದರು. ಹೋಗಿ ಕೊಂಡೆ. ಅವರ ಮಗಳು ಕೇಳಿದಳು, "ನಮ್ಮಪ್ಪ ನಿಮಗ ಪರಿಚಯ ಇದ್ರೇನ್ರಿ?" ಬಾಯಿತನಕ ಬಂತು. ಆದರೂ "ಇಲ್ಲವ್ವ, ಸೈಕಲ್ಲು ಗಟ್ಟಿ ಅದ ಅಂತ ತಗೊಂಡೆ" ಎಂದುಬಿಟ್ಟೆ. ಎರಡನೆಯ ಸಲ.

ಮೂರು ವರ್ಷ ಅದು ನಮ್ಮ ಪಡಸಾಲೆಯಲ್ಲಿ ನಿಂತಿತ್ತು. ಏರುವವರಿಲ್ಲ. ಚಕ್ರದ ಕಡ್ಡಿಗಳಿಗೆ ತುಕ್ಕು ಹತ್ತಿತು. ಸೋಲಾಪುರದ ಒಬ್ಬ ಮಾಸ್ತರರು ಹಳೆಯ ಸೈಕಲ್ಲುಗಳನ್ನು ದುರಸ್ತಿ ಮಾಡಿ ದಿನಾ ಹೊಡೆಯುತ್ತಾರೆಂದು ಗೊತ್ತಾಗಿ, ನಿಂತು ಸಾಯುವುದಕ್ಕಿಂತ ಓಡಾಡಲಿ ಎಂದು ಅವರಿಗೆ ಮಾರಿದೆ. ಹಾಗೆ ಟೆಂಪೋದಲ್ಲಿ ಹಾಕಿಕೊಂಡು, ಚಿತ್ತಾಪುರ ದಾಟಿ, ವಾಡಿಗೆ ತಂದಿದ್ದೆವು.

ಹಮಾಲರು ಸುತಳಿ ಬಿಗಿದು ಎದ್ದರು. ನಮ್ಮ ಮನೆಯವರು ಬೆಂಚಿನ ಮೇಲೆ ಪಕ್ಕದಲ್ಲೇ ಕುಳಿತಿದ್ದರು. "ಕಣ್ಣಾಗ ನೀರು ಯಾಕ? ಅಷ್ಟು ಜೀವ ಇದ್ರ ಯಾಕ ಮಾರಿದಿ? ಯಾಕ ತಗೊಂಡಿದ್ದಿ?" ಎಂದು ಕೇಳಿದರು.

ಹೇಳಿದೆ. ರೊಟ್ಟಿಯ ಹಂಚಿನಿಂದ ಬಳೆ ಅಂಗಡಿಯ ತನಕ, ಏನೂ ಬಿಡದೆ. ಒಂದು ಗೂಡ್ಸ್ ಗಾಡಿ ಪೂರ್ತಿ ದಾಟಿ ಹೋಯಿತು. ಅವರು ನನ್ನ ಎಡಗೈ ತೆಗೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ನನಗ ಹೇಳ್ಬೇಕಿತ್ತು," ಅಂದರು. ಆಮೇಲೆ, "ಅವ್ರಿಗಿ ಒಂದಿನ ಊಟಕ್ಕ ಕರೀಬಹುದಿತ್ತು."

ವಾಪಸು ಬಂದವರು ನಮ್ಮ ಮನೆಗೆ ಹೋಗದೆ, ಸಾಹೇಬರ ಮಗಳನ್ನು ಕಾಣಲು ನೇರ ಅವರ ಮನೆಗೆ ಹೋದೆವು. ಬಾಗಿಲು ತೆಗೆದಾಕೆ ಬೇರೆ ಯಾರೋ. ಸಾಹೇಬರ ಮಗಳು ಮನೆ ಮಾರಿ ಹೋಗಿ ವರ್ಷವಾಯಿತಂತೆ, ಎಲ್ಲಿಗೆಂದು ಆಕೆಗೆ ತಿಳಿಯದು. "ಬರ್ರಿ, ಕುಂದ್ರಿ. ಅವ್ರು ನಿಮಗ ಏನಾಗ್ಬೇಕ್ರಿ?" ಎಂದು ಕೇಳಿದಳು.

"ನನಗ ಕುಷ್ಠರೋಗ ಆಗಿತ್ತವ್ವ," ಎಂದೆ. "ಈ ಮನಿ ಯಜಮಾನರು ವಾಸಿ ಮಾಡಿದ್ರು. ಅದನ್ನ ಹೇಳ್ಬೇಕಂತ ಬಂದಿದ್ದೆ."

ಆಕೆ ನನ್ನನ್ನೂ ಇವರನ್ನೂ ನೋಡಿದಳು. "ಅವ್ರು ಈಗ ಇಲ್ಲಲ್ರಿ," ಎಂದಳು ಮೆಲ್ಲಗೆ.

"ಗೊತ್ತದವ್ವ," ಅಂದೆ.