ನೀಲಮ್ಮನವರ ಛಲೋ ಕಾಲು

ಎರಡು ವರ್ಷದ ಹಿಂದೆ ನಾನು ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದು ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ನಡೆಸುವುದು, ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಒಂದೆಡೆ ಕೂತು ಗೊತ್ತಿಲ್ಲದ ನನಗೆ ಸ್ಕೂಟಿಯಲ್ಲಿ ಊರೂರು ತಿರುಗುವುದು ಸರಿಹೊಂದಿತ್ತು. ತುರೋರಿಯ ನೀಲಮ್ಮ ಮಾತ್ರ ನನ್ನ ನಿದ್ದೆ ಕೆಡಿಸಿದರು.

ಬಲಗೈ, ಬಲಗಾಲು ಸೋತಿದ್ದರೂ ಅಂಗಳದ ತುದಿಯ ಪಾಯಿಖಾನೆಗೆ ಕೋಲೂರಿಕೊಂಡು ಒಬ್ಬರೇ ಹೋಗುತ್ತಿದ್ದರು. ಮರಳಿ ಒಳಗೆ ಬರುವಾಗ ಹೊಸ್ತಿಲಲ್ಲಿ ಎರಡು ಸಲ ಬಿದ್ದರು. ಮಗ ಶಿವರಾಜ ಹೆದರಿಬಿಟ್ಟ.

"ಸಾಕ್ರೀ ಬಾಯಿ, ಇನ್ನ ಎಲ್ಲಾ ಮಂಚದಾಗೇ ಆಗ್ಲಿ. ಟೊಂಕ ಮುರದ್ರ ಏನ್ ಮಾಡೋದು?" ಎಂದ. ಅಲ್ಲಿಯವರಿಗೆ ನಾನು 'ಬಾಯಿ', ಅಂದರೆ ಅಕ್ಕೋರು.

"ಮಗನ ಕೈಲೆ ಹೇಲು ಬಳಿಸ್ಕೊಳ್ಳೋದಕ್ಕಿಂತ ಸಾಯೋದು ಛಲೋ" ಎಂದು ನೀಲಮ್ಮ ಗೋಡೆಯ ಕಡೆ ಹೊರಳಿದರು.

ನನಗೆ ತಲೆ ಕೆಟ್ಟುಹೋಯಿತು. ಎಡಗಾಲಲ್ಲಿ ಬಲವಿತ್ತು, ನೆಲ ಒಣಗಿತ್ತು, ಬಾಗಿಲಿಗೆ ಹಿಡಿಕೆಯನ್ನೂ ಹಾಕಿಸಿದ್ದೆ. ಮತ್ತೇಕೆ ಬೀಳಬೇಕು? "ನನ್ನ ಮುಂದ ಒಮ್ಮೆ ಒಳಗ ಬಂದು ತೋರಸ್ರಿ" ಎಂದು ಹಟ ಹಿಡಿದೆ.

ನೀಲಮ್ಮ ಎದ್ದು ಅಂಗಳಕ್ಕಿಳಿದು ತಿರುಗಿ ಬಂದರು. ಎತ್ತರದ ಹೊಸ್ತಿಲ ಮುಂದೆ ನಿಂತು ಸೋತ ಬಲಗಾಲನ್ನೇ ಎತ್ತಿದರು. ಬೆರಳು ತಾಗಿತು, ಮೈ ವಾಲಿತು. ಸೊಂಟಕ್ಕೆ ಕೈಹಾಕಿ ಹಿಡಿದೆ.

"ಅಯ್ಯ, ಇದೇನ್ರೀ! ಛಲೋ ಕಾಲು ಮೊದಲ ಅಂತ ನಿಮಗ ದವಾಖಾನ್ಯಾಗ ಹೇಳಿಲ್ಲೇನು?"

"ಇದೇ ಛಲೋ ಕಾಲಲ್ಲೇನ ಯವ್ವಾ? ಎಡಗಾಲಿಟ್ಟು ಯಾರರೆ ಮನಿ ಹೊಗ್ತಾರೇನು?"

ಆಸ್ಪತ್ರೆಯಲ್ಲಿ ಮರಾಠಿಯಲ್ಲಿ 'ಚಾಂಗಲಾ ಪಾಯ್ ಆಧೀ' ಎಂದಿದ್ದರು. ಒಳ್ಳೆಯ ಕಾಲು ಮೊದಲು, ಅಂದರೆ ಮೇಲೆ ಹತ್ತುವಾಗ ಬಲವಿರುವ ಕಾಲು ಮೊದಲು ಎಂದು ಅದರ ಅರ್ಥ. ಶಿವರಾಜ ಅದನ್ನು ಮನೆಗೆ ತಂದು 'ಛಲೋ ಕಾಲು' ಎಂದಿದ್ದ. ಹೊಸ್ತಿಲ ಮುಂದೆ ಛಲೋ ಕಾಲೆಂದರೆ ಇಲ್ಲಿಯವರಿಗೆ ಶುಭದ ಬಲಗಾಲೇ.

"ಗಟ್ಟಿ ಕಾಲು ಮೊದಲ ಇಡ್ರಿ ಅಮ್ಮಾ. ಎಡಗಾಲು."

"ಲಕ್ಷ್ಮಿ ಹೊರಗ ಹೋಗ್ತಾಳ."

ಶಿವರಾಜ ಮುಂದೆ ಬಂದ. "ನೀನೇ ಬಿದ್ದ ಮ್ಯಾಲ ಆ ಲಕ್ಷ್ಮಿಗಿ ತೊಗೊಂಡು ನಾ ಏನ್ ಮಾಡ್ಲಿ ಅವ್ವಾ?"

ನೀಲಮ್ಮ ಮಗನನ್ನೇ ನೋಡಿದರು. ಆಮೇಲೆ ಎಡಗಾಲನ್ನು ಒಳಗಿಟ್ಟರು. ಬಲಗಾಲು ಹಿಂದಿನಿಂದ ಎಳೆದುಕೊಂಡು ಬಂತು. ಬೀಳಲಿಲ್ಲ.

ಅಂದಿನಿಂದ ನಿಲಂಗಾ ಇರಲಿ, ಉದಗೀರ ಇರಲಿ, ಬರೀ ಬಾಯಿಮಾತಿನಲ್ಲಿ ಹೇಳಿ ನಾನು ಎದ್ದುಬರುವುದಿಲ್ಲ. "ಈಗ ಮಾಡಿ ತೋರಸ್ರಿ" ಎನ್ನುತ್ತೇನೆ. ನಾವು ಹೇಳಿದ್ದು ಕಿವಿಗೆ ಮುಟ್ಟಿದರೆ ಸಾಲದು, ಕಾಲಿಗೂ ಮುಟ್ಟಬೇಕು.

ಮರುವಾರ ತುರೋರಿಗೆ ಹೋದಾಗ ಮಂಚ ಖಾಲಿ ಇತ್ತು. ಶಿವರಾಜ ಅಂಗಳದ ತುದಿಯಲ್ಲಿ ಚಡಪಡಿಸುತ್ತ ನಿಂತಿದ್ದ. ನನ್ನ ಸ್ಕೂಟಿಯ ಸಪ್ಪಳ ಕೇಳಿ ನೀಲಮ್ಮ ಪಾಯಿಖಾನೆಯೊಳಗಿಂದಲೇ ಕೂಗಿದರು:

"ಬಾಯಿ, ಇವಗ ಅತ್ತಾಗ ಹೋಗು ಅಂತ ಹೇಳು. ನಾಚಿಕಿಲ್ಲದಾಂವಾ, ಬಾಗಿಲಿಗೇ ನಿಂತಾನ!"